ಕೈಜಾರಿದ ಕ್ಯಾಮೆರಾ: ಮೊದಲು ಕೇಳಬೇಕಾದ ಪ್ರಶ್ನೆ

(ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದ ಫಿಲ್ಮ್ ಕ್ಯಾಮೆರಾ ಕೈಜಾರಿ ನೆಲಕ್ಕೆ ಬಿದ್ದರೆ ಏನು ಮಾಡಬೇಕು? ಇಂದು ನಾನು ಮಾತನಾಡಲಿರುವುದು ಇಷ್ಟೇ. ಮೊಬೈಲ್ ಫೋನಿನಲ್ಲಿ ಸಾವಿರಾರು ಚಿತ್ರ ತೆಗೆಯುವ ಕಾಲದಲ್ಲಿ ಇದೂ ಒಂದು ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಅಜ್ಜನ ಪೆಟ್ಟಿಗೆಯಿಂದ ಹಳೆಯ ಕ್ಯಾಮೆರಾ ಹೊರತೆಗೆದು ಫಿಲ್ಮ್ ಹಾಕುವ ಯುವಕರು ಈಗ ಮತ್ತೆ ಕಾಣಿಸುತ್ತಿದ್ದಾರೆ. 2024ರಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ಹೊಸದೊಂದು ಫಿಲ್ಮ್ ಕ್ಯಾಮೆರಾವೇ ಮಾರುಕಟ್ಟೆಗೆ ಬಂದಿತು.

ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಮೊದಲ ಕ್ಯಾಮೆರಾ ಬಂದದ್ದು ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲಿ. ದುಡಿಮೆಯ ಹಣದಲ್ಲಿ ಉಳಿಸಿ ತಂದ ವಸ್ತು ಅದು. ಇಂದು ಅಂಥದ್ದಕ್ಕೆ ಬಿಡಿಭಾಗ ಸಿಗುವುದು ಕಷ್ಟ. ನಿಕಾನ್ ಕಂಪನಿ 2006ರಲ್ಲಿ ತನ್ನ ಬಹುತೇಕ ಫಿಲ್ಮ್ ಕ್ಯಾಮೆರಾಗಳ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಬಹು ಜನಪ್ರಿಯವಾಗಿದ್ದ ಪೆಂಟಾಕ್ಸ್ ಕೆ1000 ತಯಾರಾದದ್ದು 1976ರಿಂದ 1997ರವರೆಗೆ ಮಾತ್ರ. ಹಾಗಾಗಿ ರಿಪೇರಿಯವರು ಕೆಟ್ಟುಹೋದ ಇನ್ನೊಂದು ಕ್ಯಾಮೆರಾ ಬಿಚ್ಚಿ ಅದರ ಭಾಗ ಇದಕ್ಕೆ ಹಾಕಬೇಕಾಗುತ್ತದೆ.

ಆದರೂ ಕ್ಯಾಮೆರಾ ಬೇರೆ, ಅದರೊಳಗಿನ ಫಿಲ್ಮ್ ಬೇರೆ. ಕ್ಯಾಮೆರಾವನ್ನು ಹೇಗಾದರೂ ರಿಪೇರಿ ಮಾಡಿಸಬಹುದು, ಇಲ್ಲವೇ ಅಂಥದ್ದೇ ಇನ್ನೊಂದನ್ನು ಹುಡುಕಬಹುದು. ಫಿಲ್ಮಿನ ಮೇಲೆ ಮೂಡಿ, ಇನ್ನೂ ತೊಳೆಯದೆ ಉಳಿದಿರುವ ಚಿತ್ರಗಳನ್ನು ಮತ್ತೆ ತೆಗೆಯಲಾಗದು.

1897ರಲ್ಲಿ ಸ್ವೀಡನ್ನಿನ ಆಂಡ್ರೇ ಮತ್ತು ಇಬ್ಬರು ಸಂಗಡಿಗರು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು, ಹಿಮದ ನಡುವೆ ಇಳಿದು, ಮರಳಲಾಗದೆ ತೀರಿಕೊಂಡರು. 33 ವರ್ಷಗಳ ನಂತರ, 1930ರಲ್ಲಿ, ಅವರ ದೇಹಗಳ ಜೊತೆಗೆ ಫಿಲ್ಮ್ ಕೂಡ ಸಿಕ್ಕಿತು. ಸ್ಟಾಕ್‌ಹೋಮಿನ ತಜ್ಞ ಜಾನ್ ಹರ್ಟ್ಸ್‌ಬರ್ಗ್ ಅದನ್ನು ಬಹಳ ಎಚ್ಚರದಿಂದ ತೊಳೆದು, ಸುಮಾರು 240 ಚಿತ್ರಗಳಲ್ಲಿ 93ನ್ನು ಉಳಿಸಿದರು. ಇಷ್ಟು ಕಾಲ ಹಿಮದಲ್ಲಿದ್ದ ಫಿಲ್ಮ್ ಚಿತ್ರ ಕೊಟ್ಟಿತು. ಆದರೆ ಬಿಸಿಲಿನಲ್ಲಿ ಒಂದು ಕ್ಷಣ ಬಿಚ್ಚಿಟ್ಟ ಫಿಲ್ಮ್ ಏನನ್ನೂ ಕೊಡುವುದಿಲ್ಲ.

ಆದ್ದರಿಂದ ಬಿದ್ದ ಕ್ಯಾಮೆರಾದ ಹಿಂಬಾಗಿಲನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಬಿದ್ದ ಹೊಡೆತಕ್ಕೆ ಅದೇ ತೆರೆದುಕೊಂಡಿದ್ದರೆ ತಕ್ಷಣ ಮುಚ್ಚಿ, ನಿರಾಶರಾಗಬೇಡಿ. ಫಿಲ್ಮ್ ಸುತ್ತಿಕೊಂಡಿರುವುದರಿಂದ ಹೊರಸುತ್ತಿನ ಚಿತ್ರಗಳು ಹಾಳಾದರೂ ಒಳಸುತ್ತಿನವು ಉಳಿದಿರಬಹುದು. ಬಳಿಕ ಕ್ಯಾಮೆರಾದ ತಳದಲ್ಲಿರುವ ಸಣ್ಣ ಗುಂಡಿ ಒತ್ತಿ, ಎಡಗಡೆಯ ಹಿಡಿಕೆಯನ್ನು ಬಾಣದ ಗುರುತಿನತ್ತ ಮೆಲ್ಲಗೆ ತಿರುಗಿಸಿ ಫಿಲ್ಮನ್ನು ಡಬ್ಬಿಯೊಳಗೆ ಸುತ್ತಿಕೊಳ್ಳಿ. ಸಿಕ್ಕಿಕೊಂಡರೆ ಬಲ ಹಾಕಬೇಡಿ, ಫಿಲ್ಮ್ ಹರಿಯುತ್ತದೆ. ಹಾಗೆಯೇ ಸ್ಟುಡಿಯೋದವರಿಗೆ ಒಯ್ದು ಕೊಟ್ಟರೆ ಅವರು ಕತ್ತಲ ಕೋಣೆಯಲ್ಲಿ ಅದನ್ನು ಹೊರತೆಗೆಯುತ್ತಾರೆ.

ಫಿಲ್ಮ್ ಸುರಕ್ಷಿತವಾದ ಮೇಲೆ ಕ್ಯಾಮೆರಾವನ್ನು ಪರೀಕ್ಷಿಸಿ. ಹೊರಗೆ ಗೀರು ಕೂಡ ಇಲ್ಲದ ಕ್ಯಾಮೆರಾದ ಒಳಗೆ ಪೆಟ್ಟಾಗಿರಬಹುದು. ಲೆನ್ಸ್ ಕೂರುವ ಬಳೆ ಕೂದಲೆಳೆಯಷ್ಟು ಬಾಗಿದರೂ ಚಿತ್ರದ ಒಂದು ಬದಿ ಮಸುಕಾಗುತ್ತದೆ. ಕನ್ನಡಿ ಸರಿದಿದ್ದರೆ ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು ಫಿಲ್ಮಿನಲ್ಲಿ ಸ್ಪಷ್ಟವಾಗಿರುವುದಿಲ್ಲ. ಬಾಗಿಲು ಸರಿಯಾಗಿ ಕೂರದಿದ್ದರೆ ಬೆಳಕು ಒಳನುಸುಳುತ್ತದೆ. ಆದ್ದರಿಂದ ಮುಖ್ಯ ಸಮಾರಂಭಕ್ಕೆ ಒಯ್ಯುವ ಮುನ್ನ ಒಂದು ರೋಲು ಫಿಲ್ಮ್ ಹಾಕಿ ಪರೀಕ್ಷಿಸಲೇಬೇಕು.

ಬೀಳದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಇನ್ನೊಬ್ಬರಿಗೆ ಕ್ಯಾಮೆರಾ ಕೊಡುವಾಗ ಮೊದಲು ಪಟ್ಟಿಯನ್ನು ಅವರ ಕೊರಳಿಗೆ ಹಾಕಿ, ಆಮೇಲೆ ಕೈಬಿಡಿ. ಪಟ್ಟಿಯನ್ನು ಮೇಜಿನ ಅಂಚಿನಿಂದ ಜೋತುಬಿಡಬೇಡಿ. ಪುಟ್ಟ ಮಕ್ಕಳು ಎಳೆಯುತ್ತಾರೆ. ಚೀಲದ ಜಿಪ್ಪು ಹಾಕದೆ ಚೀಲ ಎತ್ತಬೇಡಿ. ಪಟ್ಟಿ ಸಿಕ್ಕಿಸುವ ಬಳೆಗಳು ಸವೆದಿವೆಯೇ ಎಂದು ಆಗಾಗ ನೋಡಿ.

ಕೊನೆಯದಾಗಿ ಹಿರಿಯರಲ್ಲಿ ಒಂದು ಮಾತು. ಕ್ಯಾಮೆರಾ ಬಿದ್ದ ಸದ್ದು ಕೇಳಿದೊಡನೆ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ, "ಯಾರು ಬೀಳಿಸಿದ್ದು?" ಎಂಬುದು. ಬೈಗುಳಕ್ಕೆ ಹೆದರಿದ ಮಗು ಏನು ಮಾಡುತ್ತದೆ? ಒಡೆದಿದೆಯೇ ಎಂದು ಮೂಲೆಯಲ್ಲಿ ಕೂತು ಹಿಂಬಾಗಿಲು ತೆರೆದು ನೋಡುತ್ತದೆ. 36 ಚಿತ್ರಗಳ ಕತೆ ಅಲ್ಲಿಗೆ ಮುಗಿಯಿತು. ಇಲ್ಲವೇ ಯಾರಿಗೂ ಹೇಳದೆ ಬೀರುವಿನಲ್ಲಿ ಇಟ್ಟುಬಿಡುತ್ತದೆ. ಆರು ತಿಂಗಳ ನಂತರ ಅದೇ ಕ್ಯಾಮೆರಾ ಮನೆಯ ಮದುವೆಗೆ ಹೋಗುತ್ತದೆ. ಫಿಲ್ಮ್ ತೊಳೆಸಿದ ಮೇಲೆ ನೋಡಿದರೆ ಮದುಮಗಳ ಮುಖವಿಲ್ಲ, ಅಂದು ಬಂದು ಹರಸಿಹೋದ ಅಜ್ಜಿಯ ಮುಖವೂ ಇಲ್ಲ. ಈ ನಷ್ಟ ನೆಲಕ್ಕೆ ಬಿದ್ದದ್ದರಿಂದ ಆದದ್ದಲ್ಲ, ಬಿದ್ದದ್ದನ್ನು ಹೇಳಲಾಗದ ಭಯದಿಂದ ಆದದ್ದು.

ಆದ್ದರಿಂದ ಮೊದಲ ಪ್ರಶ್ನೆ "ಒಳಗೆ ಫಿಲ್ಮ್ ಇದೆಯಾ?" ಎಂದಾಗಲಿ. ಆ ಪ್ರಶ್ನೆ ಕೇಳಿದ ಮನೆಯಲ್ಲಿ ಮಗು ಓಡಿಬಂದು ನಿಜ ಹೇಳುತ್ತದೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಉಳಿದಿರುವುದನ್ನು ಉಳಿಸಿಕೊಳ್ಳಲು ಮಾತ್ರ ಹೊತ್ತು ಮಿಂಚಿರುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಊರಿನಲ್ಲಿ ಕ್ಯಾಮೆರಾ ರಿಪೇರಿ ಬಲ್ಲ ಹಿರಿಯರು ಯಾರಾದರೂ ಉಳಿದಿದ್ದರೆ ಅವರ ಬಳಿ ಹೋಗಿ ಕೂತು ಕೆಲಸ ಕಲಿಯಿರಿ. ಅವರ ಕೈಯಲ್ಲಿರುವ ವಿದ್ಯೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.