ನಿಂಬೆರಸ, ಬಿಸಿಲು ಮತ್ತು ಎರಡು ನಿಮಿಷದ ವಿಡಿಯೊ

ದೀಪ ಹೊತ್ತಿತು. ವೇದಿಕೆಗೊಂದು, ಸಭೆಗೊಂದು ನಮಸ್ಕಾರ ಸಂದಿತು. ವಿಶ್ವವಿದ್ಯಾಲಯದ ಆರೋಗ್ಯ ಮೇಳ ಉದ್ಘಾಟಿಸಲು ಬಂದ ಚರ್ಮವೈದ್ಯೆ ಮಳಿಗೆಗಳ ಪಟ್ಟಿ ಓದಲಿಲ್ಲ. ನೇರವಾಗಿ ಮೊಬೈಲಿನ ಮಾತಿಗೆ ಇಳಿದರು.

ಹಾಸ್ಟೆಲಿನ ಹುಡುಗಿಯೊಬ್ಬಳು ಕೆನ್ನೆ, ಕತ್ತಿನ ತುಂಬ ಸುಟ್ಟಂಥ ಕಂದು ಪಟ್ಟೆ ಹೊತ್ತು ಅವರ ಬಳಿ ಬಂದಿದ್ದಳಂತೆ. ವಿಡಿಯೊ ನೋಡಿ ನಿಂಬೆರಸ ಬಳಿದುಕೊಂಡವಳು ಬಿಸಿಲಲ್ಲಿ ಬಸ್ಸಿಗೆ ಕಾದಿದ್ದಳು. ನಿಂಬೆ ಜಾತಿಯ ಹಣ್ಣುಗಳಲ್ಲಿ ಫ್ಯೂರೊಕೌಮರಿನ್ ಎಂಬ ರಾಸಾಯನಿಕಗಳಿವೆ. ಅತಿನೇರಳೆ ಕಿರಣ ತಾಗಿದರೆ ಅವು ಚರ್ಮವನ್ನು ಸುಡುತ್ತವೆ. ಗುಳ್ಳೆ ಒಣಗಿದರೂ ಕಲೆ ತಿಂಗಳುಗಟ್ಟಲೆ ಉಳಿಯಬಹುದು. ‘ವಿಡಿಯೊದಲ್ಲಿ ನಿಂಬೆ ಇತ್ತು, ಬಿಸಿಲು ಇರಲಿಲ್ಲ’ ಎಂದರು ಡಾಕ್ಟರು.

ಅದಕ್ಕಿಂತ ದೊಡ್ಡ ಸಂಕಟ ಸ್ಟೀರಾಯ್ಡ್ ಮುಲಾಮಿನದು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಕೆಲವು ಕಾಯಿಲೆಗಳಿಗೆ ಒಳ್ಳೆಯ ಔಷಧಗಳೇ. ಬೆಳ್ಳಗಾಗಲೆಂದು ದಿನವೂ ಮುಖಕ್ಕೆ ಹಚ್ಚಿದರೆ ಮೊದಲು ಹೊಳಪು, ಆಮೇಲೆ ತೆಳುವಾದ ಚರ್ಮ, ಎದ್ದು ಕಾಣುವ ಕೆಂಪು ರಕ್ತನಾಳ, ಮೊಡವೆ. ಬಿಟ್ಟರೆ ಉರಿ, ಹಾಗಾಗಿ ಬಿಡಲೂ ಭಯ. ಹುಳುಕಡ್ಡಿಗೆ ಹಚ್ಚಿದರಂತೂ ತುರಿಕೆ ಅಡಗುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಆದರೂ ಟ್ಯೂಬು ರೂಮಿನಿಂದ ರೂಮಿಗೆ ಕೈ ಬದಲಿಸುತ್ತಲೇ ಇದೆ.

ಹಾಗೆಂದು ಅವರು ಹುಡುಗರನ್ನು ಬೈಯಲಿಲ್ಲ. ತಮ್ಮ ಪಿಯುಸಿ ದಿನಗಳಲ್ಲಿ ಡಾ. ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’ಗೆ ಪಠ್ಯಪುಸ್ತಕದ ರಟ್ಟು ಹಾಕಿ ಓದಿದ್ದನ್ನು ನೆನೆದರು. ಅಮ್ಮನ ಬಳಿ ಕೇಳಲಾಗದ್ದಕ್ಕೆಲ್ಲ ಅಲ್ಲಿ ಉತ್ತರವಿತ್ತು, ತಿಳಿಗನ್ನಡದಲ್ಲಿ, ಒಬ್ಬ ವೈದ್ಯೆಯ ಹೆಸರಿನಲ್ಲಿ. ಇಂದಿನವರೂ ನಾಚಿಕೆಗೆ ಅಂಜಿಯೇ ಪರದೆಯ ಮೊರೆಹೋಗುತ್ತಾರೆ. ಅಲ್ಲಿ ಕನ್ನಡದಲ್ಲಿ ಮಾತಾಡುವ ವೈದ್ಯರು ಸಾಲದಿದ್ದರೆ ಆ ತಪ್ಪು ವೈದ್ಯರದು ಎನ್ನುವಾಗ ಅವರ ದನಿ ಗಟ್ಟಿಯಾಯಿತು. ಮನಸ್ಸಿನ ಕಷ್ಟಕ್ಕೆ 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಮೈಯ ಮಾತಿಗೂ ಅಂಥದೊಂದು ಬೇಕು ಎಂಬುದು ಅವರ ಹಂಬಲ.

ವಿಡಿಯೊ ನೋಡುವಾಗ ಹೇಳುವವರು ಯಾರು, ಕೊನೆಯಲ್ಲಿ ಏನು ಮಾರುತ್ತಾರೆ ಎಂದು ಗಮನಿಸಿ ಎಂದರು. ಮೇಳದ ಬಗ್ಗೆ ಅವರು ಆಡಿದ್ದು ಒಂದೇ ಮಾತು: ಚರ್ಮ ತಪಾಸಣೆಯ ಮಳಿಗೆಗೆ ಪರದೆ ಕಟ್ಟಿಸಿ.

ಮಧ್ಯಾಹ್ನದವರೆಗೂ ತಾವೇ ಅಲ್ಲಿ ಕೂರುವುದಾಗಿ ಹೇಳಿ, ಹಚ್ಚುತ್ತಿರುವ ಟ್ಯೂಬನ್ನು ಜೇಬಿನಲ್ಲಿ ಇಟ್ಟುಕೊಂಡು ಬನ್ನಿ ಎಂದರು.