ಜೀವದ ಉಂಗುರ

(ವಾರ್ಷಿಕ ಸ್ನೇಹಸಮ್ಮೇಲನದಲ್ಲಿ ಮಾಡಿದ ಭಾಷಣ)



ಉಂಗುರದ ಮಹಿಮೆ ನಮಗೆ ಹೊಸದಲ್ಲ. ಹನುಮಂತನು ಲಂಕೆಗೆ ಒಯ್ದ ಉಂಗುರದಿಂದ ಸೀತಾದೇವಿಗೆ ಧೈರ್ಯವುಂಟಾಯಿತು. ಕಾಳಿದಾಸನ ನಾಟಕದಲ್ಲಿ ಮೀನಿನ ಹೊಟ್ಟೆಯಲ್ಲಿ ದೊರೆತ ಉಂಗುರವು ದುಷ್ಯಂತನಿಗೆ ಶಕುಂತಲೆಯ ನೆನಪನ್ನು ಮರಳಿಸಿತು. ಬಸವಪ್ಪಶಾಸ್ತ್ರಿಗಳು ಆ ನಾಟಕವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ರೆನಿಸಿದರು. ಈಗ ಮಕ್ಕಳ ಕೈಯಲ್ಲಿರುವ ಮೊಬೈಲಿನೊಳಗೂ ಉಂಗುರಗಳು ಬಂದಿವೆ. ಅಂಥದೊಂದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಇಂಗ್ಲೆಂಡಿನಲ್ಲಿ 2001ರಲ್ಲಿ ಆರಂಭವಾದ ‘ರೂನ್‌ಸ್ಕೇಪ್’ ಎಂಬುದು ಅಂತರ್ಜಾಲದ ಆಟ. ದೇಶದೇಶಗಳ ಜನರು ಒಂದೇ ಕಲ್ಪಿತ ರಾಜ್ಯದಲ್ಲಿ ವೀರರ ವೇಷ ತಳೆದು ಏಕಕಾಲಕ್ಕೆ ಆಡುತ್ತಾರೆ. ಅಲ್ಲಿ ‘ರಿಂಗ್ ಆಫ್ ಲೈಫ್’, ಎಂದರೆ ಜೀವದ ಉಂಗುರವೆಂಬುದೊಂದಿದೆ. ಅದನ್ನು ಸ್ವತಃ ಮಾಡಿಕೊಳ್ಳಲು ಬಂಗಾರದ ಗಟ್ಟಿ, ಕತ್ತರಿಸಿದ ವಜ್ರ, ಉಂಗುರದ ಅಚ್ಚು ಇವಿಷ್ಟು ಬೇಕು. ಕುಲುಮೆಯಲ್ಲಿ ಮಾಡಲು ಕುಶಲಕಲೆಯ 43ನೆಯ ಮೆಟ್ಟಿಲನ್ನೂ, ಬಳಿಕ ಮಂತ್ರಿಸಲು ಮಂತ್ರವಿದ್ಯೆಯ 57ನೆಯ ಮೆಟ್ಟಿಲನ್ನೂ ಏರಿರಬೇಕು. ಧರಿಸಿದವನ ಪ್ರಾಣಶಕ್ತಿಯು ಹತ್ತರಲ್ಲಿ ಒಂದು ಪಾಲಿಗೆ ಇಳಿದೊಡನೆ ಉಂಗುರವು ಅವನನ್ನು ಸುರಕ್ಷಿತ ಸ್ಥಳಕ್ಕೆ ಮುಟ್ಟಿಸಿ ತಾನು ನಾಶವಾಗುತ್ತದೆ. ಆದರೆ ಒಂದೇ ಪೆಟ್ಟಿಗೆ ಪ್ರಾಣ ಹೋದರೆ ಅದು ಕಾಯಲಾರದು.

ಮೆಟ್ಟಿಲು ಮೆಟ್ಟಿಲಾಗಿ ದುಡಿದು ವಿದ್ಯೆ ಪಡೆಯಬೇಕೆಂಬ ನಿಯಮ ಒಳ್ಳೆಯದೇ. ಆದರೆ ಆ ಉಂಗುರವು ಕಾಯುವುದು ಆಟದೊಳಗಿನ ವೀರನನ್ನು. ಆಡುವ ಬಾಲಕನ ನಿದ್ದೆಯನ್ನಾಗಲಿ, ಕಣ್ಣನ್ನಾಗಲಿ, ತಂದೆಯ ಗಳಿಕೆಯನ್ನಾಗಲಿ ಅದು ಕಾಯದು. ಹಣವೊಡ್ಡಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರಲ್ಲಿ ಮಾಡಿತು. ಮಕ್ಕಳ ವೇಳೆಯ ಕಾನೂನನ್ನು ಮಾತ್ರ ಮನೆಯವರೇ ಮಾಡಬೇಕು.

ಜಳಕೋಟದಂಥ ಗಡಿಯೂರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಪೇಟೆಯಲ್ಲಿ, ಕಚೇರಿಯಲ್ಲಿ ಮರಾಠಿ. ಆಟದ ಪರದೆಯ ಮೇಲೆ ಇಂಗ್ಲಿಷು. ಶಾಲೆ ಬಿಟ್ಟ ಮೇಲೆ ಮಗುವು ಕನ್ನಡವನ್ನು ಓದಬೇಕಾದರೆ ಉಳಿಯುವುದು ಸಂಜೆಯ ಒಂದೆರಡು ತಾಸು ಮಾತ್ರ. ಅದೂ ಆಟಕ್ಕೆ ಸಂದರೆ ಓದಿಗೆ ಏನು ಉಳಿದೀತು?

ಪಾಲಕರೇ, ಬರಿದೆ ಗದರಿಸದೆ, ಮಗುವಿನ ಪಕ್ಕದಲ್ಲಿ ಕುಳಿತು ಆಟವೇನೆಂದು ಕೇಳಿರಿ. ನಿಲ್ಲಿಸುವ ಹೊತ್ತನ್ನು ಆಟಕ್ಕೆ ಮೊದಲೇ ಇಬ್ಬರೂ ಕೂಡಿ ಗೊತ್ತುಮಾಡಿರಿ. ವಿದ್ಯಾರ್ಥಿಗಳೇ, ಆ ಹೊತ್ತಿಗೆ ನೀವಾಗಿಯೇ ಎದ್ದು ಬನ್ನಿರಿ. ನೀವು ಕಂಡ ಉಂಗುರ, ಖಡ್ಗ, ಕವಚಗಳ ಕಥೆಯನ್ನು ನಿಮ್ಮ ಕನ್ನಡದಲ್ಲಿ ಒಂದು ಪುಟ ಬರೆದು ತನ್ನಿರಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅದನ್ನು ಓದಲು ನಾವೆಲ್ಲರೂ ಕಾದಿರುತ್ತೇವೆ.