ಎದುರುಗಾಳಿಯ ಬಯಲು



ಪೊಳ್ಳಾಚಿಯಿಂದ ವಾಲ್ಪಾರೈಗೆ ಸೈಕಲ್ ತುಳಿದವರು ಮೊದಲು ಹೇಳುವುದು ಆಳಿಯಾರ್ ಅಣೆಕಟ್ಟು ದಾಟಿದ ಮೇಲೆ ಸಿಗುವ 40 ಹೇರ್‌ಪಿನ್ ತಿರುವುಗಳ ಮಾತು. ಒಂದೊಂದು ತಿರುವಿಗೂ ಸಂಖ್ಯೆ ಬರೆದ ಫಲಕವಿದೆ. ಒಂಬತ್ತನೆಯದರಲ್ಲಿ ಕಾಲೂರಿ ನಿಂತು ನೋಡಿದರೆ ಆಳಿಯಾರ್ ನೀರು ಬಹಳ ಕೆಳಗೆ ಹೊಳೆಯುತ್ತದೆ. ಮುಂದೆ ಕಾಡು, ಆಮೇಲೆ ಚಹಾ ತೋಟಗಳ ಹಸಿರು. ಇಂಥ ದಾರಿಯ ಮುಂದೆ ತಿರುಪ್ಪೂರು ಜಿಲ್ಲೆಯ ಬಯಲು ಸಪ್ಪೆ ಎನ್ನುವವರುಂಟು. ನಾನು ಒಪ್ಪುವುದಿಲ್ಲ.

ಉಡುಮಲೈಪೇಟೆಯ ಸುತ್ತ ತೆಂಗಿನ ತೋಟ, ತಾಳೆಮರ, ಸಾಲುಸಾಲು ಗಾಳಿಯಂತ್ರ. ಪಶ್ಚಿಮ ಘಟ್ಟ ಪಾಲಕ್ಕಾಡಿನ ಬಳಿ ಬಾಯ್ತೆರೆದಿದೆ. ಮುಂಗಾರಿನ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಆಷಾಢದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದರೆ ಸಮತಟ್ಟು ರಸ್ತೆಯೂ ಏರುದಾರಿಯೇ. ಘಟ್ಟದಲ್ಲಿ ತಿರುವು ಎಣಿಸಬಹುದು, ಇಳಿಜಾರು ಸಿಕ್ಕೇ ಸಿಗುತ್ತದೆ. ಎದುರುಗಾಳಿಗೆ ಆ ಲೆಕ್ಕವಿಲ್ಲ. ತಲೆ ತಗ್ಗಿಸಿ ತುಳಿಯುವಾಗ ಕಾಣುವುದು ಮುಂದಿನ ಚಕ್ರ, ಕೆಂಪು ಮಣ್ಣು, ಬೇಲಿಯಾಚೆ ಮೇಯುವ ಕಾಂಗೇಯಂ ಎತ್ತು.

ಹಾದಿಯಲ್ಲಿ ದೇವಾಂಗ ನೇಕಾರರ ಮನೆಗಳಿದ್ದರೆ ಕನ್ನಡವೂ ಕಿವಿಗೆ ಬಿದ್ದೀತು.

ಮುಂಗಾರಿನಲ್ಲಿ ಹೊರಡುವವರು ಪೊಳ್ಳಾಚಿಯಿಂದ ಪೂರ್ವಕ್ಕೆ ಹೊರಡಿ. ಗಾಳಿ ಬೆನ್ನಿಗಿರುತ್ತದೆ, ತಲೆಯೆತ್ತಿ ಬಯಲನ್ನು ನೋಡಬಹುದು.